ಅಕ್ಷರ ಬಾರದ ನಾಯಕ, ಲಕ್ಷಾಂತರ ಅಭಿಮಾನಿಗಳು

ಕ್ರಿ.ಶ. 1403. ಮಧ್ಯ ಯೂರೋಪಿನ ಬೊಹೀಮಿಯಾ ರಾಜ್ಯ. ಕಮ್ಮಾರನ ಮಗ ಹೆನ್ರಿಯ ಕೈಗೆ ಒಂದು ಪುಸ್ತಕ ಸಿಗುತ್ತದೆ. ತೆರೆದರೆ ಪುಟದ ತುಂಬ ಅಕ್ಷರಗಳೇನೋ ಇವೆ, ಆದರೆ ಒಂದು ಪದವೂ ಅರ್ಥವಾಗುವಂತಿಲ್ಲ. ಎಲ್ಲವೂ ಕಲಸುಮೇಲೋಗರ. ಕಂಪ್ಯೂಟರ್ ಕೆಟ್ಟಿಲ್ಲ, ತಂತ್ರಾಂಶದ ದೋಷವೂ ಅಲ್ಲ. ಹೆನ್ರಿಗೆ ಓದು ಬಾರದು, ಅಷ್ಟೇ. ಅವನಿಗೆ ಬಾರದ ಮೇಲೆ ಅವನ ಪಾತ್ರ ವಹಿಸಿ ಪರದೆಯ ಮುಂದೆ ಕುಳಿತವರಿಗೂ, ಅವರು ಎಂಥ ಪದವೀಧರರಾದರೂ ಸರಿಯೇ, ಬಾರದು. ಓದಲೇಬೇಕೆಂದರೆ ಉಜಿಟ್ಜ್ ಎಂಬ ಹಳ್ಳಿಯ ಲಿಪಿಕಾರನ ಬಳಿ ಹೋಗಿ ಅಕ್ಷರಾಭ್ಯಾಸ ಮಾಡಿಸಿಕೊಳ್ಳಬೇಕು. ಕಲಿತ ಮೇಲೂ ಸ್ವಲ್ಪ ಕಾಲ ಪದಗಳು ಅಲ್ಲಲ್ಲಿ ತಲೆಕೆಳಗಾಗಿಯೇ ಕಾಣುತ್ತವೆ.

ಜೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನಲ್ಲಿ ತಯಾರಾದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಎಂಬ ವಿಡಿಯೊ ಗೇಮ್‌ನ ಒಂದು ಸಣ್ಣ ಪ್ರಸಂಗ ಇದು. ದುಡ್ಡು ಕೊಟ್ಟು ಆಟ ಕೊಂಡವನನ್ನು ಅನಕ್ಷರಸ್ಥನನ್ನಾಗಿ ಕೂರಿಸುವ ಧೈರ್ಯ ಸಾಮಾನ್ಯ ವ್ಯಾಪಾರಿಗೆ ಬರುವಂಥದ್ದಲ್ಲ. ಆದರೂ 2018ರ ಫೆಬ್ರುವರಿ 13ರಂದು ಮಾರುಕಟ್ಟೆಗೆ ಬಂದ ಈ ಆಟ ಎರಡು ವಾರಗಳಲ್ಲಿ 10 ಲಕ್ಷ ಪ್ರತಿ ಮಾರಾಟವಾಯಿತು. ಒಂದು ವರ್ಷ ತುಂಬುವ ಹೊತ್ತಿಗೆ 20 ಲಕ್ಷ ಮುಟ್ಟಿತು. 2025ರ ಫೆಬ್ರುವರಿ 4ರಂದು ಬಂದ ಇದರ ಎರಡನೇ ಭಾಗಕ್ಕೆ ಮೊದಲ 10 ಲಕ್ಷ ಮಾರಾಟವಾಗಲು ಹಿಡಿದದ್ದು ಒಂದೇ ದಿನ.

ಜನ ಇದರಲ್ಲಿ ಕಂಡದ್ದಾದರೂ ಏನು?

ಉತ್ತರ ಹುಡುಕುವ ಮುನ್ನ ಇಂಥ ಆಟಗಳ ವಂಶಾವಳಿಯನ್ನು ಕೊಂಚ ನೋಡಬೇಕು. ‘ರೋಲ್ ಪ್ಲೇಯಿಂಗ್’ ಆಟವೆಂದರೆ ಆಟಗಾರ ಒಂದು ಪಾತ್ರವನ್ನು ಹೊತ್ತು, ಅದರ ಪರವಾಗಿ ನಿರ್ಧಾರಗಳನ್ನು ಕೈಗೊಂಡು, ಹಂತ ಹಂತವಾಗಿ ಅದನ್ನು ಬೆಳೆಸುವ ಆಟ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇದರ ಮೂಲಪುರುಷ. ಅದು ಕಾಗದ, ಪೆನ್ಸಿಲ್, ದಾಳ ಹಿಡಿದು ಮೇಜಿನ ಸುತ್ತ ಕುಳಿತು ಆಡುತ್ತಿದ್ದ ಆಟ. ಅದರ ಲೋಕದಲ್ಲಿ ಮಂತ್ರವಾದಿಗಳು, ಕುಬ್ಜರು, ಬೆಂಕಿಯುಗುಳುವ ಡ್ರ್ಯಾಗನ್‌ಗಳು ಇದ್ದರು. ಅದೇ ಲೋಕ ಮುಂದೆ ಕಂಪ್ಯೂಟರಿಗೂ ಬಂತು. 2011ರ ‘ಸ್ಕೈರಿಮ್’, 2015ರಲ್ಲಿ ಪಕ್ಕದ ಪೋಲೆಂಡಿನಿಂದ ಬಂದ ‘ದಿ ವಿಚರ್ 3’ ಜಗತ್ತನ್ನೇ ಗೆದ್ದವು. ಎರಡರಲ್ಲೂ ಕತ್ತಿ, ಕೋಟೆ, ಕುದುರೆಗಳಿವೆ. ಜತೆಗೆ ಮಾಟಮಂತ್ರವೂ ಇದೆ. ಮಧ್ಯಯುಗವೆಂದರೆ ಮಂತ್ರ ಇರಲೇಬೇಕೆಂಬುದು ಈ ಉದ್ಯಮದಲ್ಲಿ ಅಲಿಖಿತ ನಿಯಮವೇ ಆಗಿಬಿಟ್ಟಿತ್ತು. ನಿಜವಾದ ಇತಿಹಾಸದತ್ತ ಹೊರಳಿದವರು ಇರಲಿಲ್ಲವೆಂದಲ್ಲ. 1992ರಲ್ಲಿ ಮೈಕ್ರೊಪ್ರೋಸ್ ಕಂಪನಿ 15ನೇ ಶತಮಾನದ ಜರ್ಮನ್ ನಾಡನ್ನು ‘ಡಾರ್ಕ್‌ಲ್ಯಾಂಡ್ಸ್’ ಎಂಬ ಆಟದಲ್ಲಿ ತಂದಿತ್ತು. ಆದರೆ ಅಲ್ಲಿಯೂ ಆ ಕಾಲದ ಜನ ನಂಬಿದ್ದ ದೆವ್ವ ಪಿಶಾಚಿಗಳು ಸಶರೀರರಾಗಿ ಓಡಾಡುತ್ತಿದ್ದವು.

ಈ ನಿಯಮವನ್ನು ಮುರಿಯಹೊರಟವರು ಡೇನಿಯಲ್ ವಾವ್ರಾ ಮತ್ತು ಮಾರ್ಟಿನ್ ಕ್ಲೀಮಾ. 2002ರಲ್ಲಿ ಹೆಸರು ಮಾಡಿದ ‘ಮಾಫಿಯಾ’ ಆಟದ ಕಥೆ ಬರೆದು ನಿರ್ದೇಶಿಸಿದವರು ಈ ವಾವ್ರಾ. ಇಬ್ಬರೂ 2011ರಲ್ಲಿ ಪ್ರಾಗ್‌ನಲ್ಲಿ ವಾರ್‌ಹಾರ್ಸ್ ಸ್ಟುಡಿಯೋಸ್ ಸ್ಥಾಪಿಸಿದರು. ಮಂತ್ರವಿಲ್ಲದ, ಡ್ರ್ಯಾಗನ್ ಇಲ್ಲದ ಮಧ್ಯಯುಗದ ಆಟವೆಂದಾಗ ಬಂಡವಾಳ ಹೂಡುವ ಪ್ರಕಾಶಕರು ಮುಂದೆ ಬರಲಿಲ್ಲ. ಇಂಥ ಆಟಕ್ಕೆ ಗಿರಾಕಿಗಳಿದ್ದಾರೆಂದು ಮೊದಲು ಸಾಬೀತುಪಡಿಸಬೇಕಿತ್ತು. ಆಗ ಅವರು ಹಿಡಿದ ದಾರಿ ಸಾರ್ವಜನಿಕರಿಂದ ನೇರವಾಗಿ ಚಂದಾ ಎತ್ತುವ ಕಿಕ್‌ಸ್ಟಾರ್ಟರ್. 2014ರ ಆರಂಭದಲ್ಲಿ ಅವರು ಕೇಳಿದ್ದು 3 ಲಕ್ಷ ಪೌಂಡ್. ಬಂದದ್ದು 11 ಲಕ್ಷ ಪೌಂಡ್‌ಗೂ ಹೆಚ್ಚು! ಕೊಟ್ಟವರು ಸುಮಾರು 35 ಸಾವಿರ ಮಂದಿ. ಆಟ ಕೈಗೆ ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಕಾಸು ಬಿಚ್ಚಿದ ಜನ ಇವರು. ಇಡೀ ಆಟಕ್ಕೆ ಈ ಹಣ ಸಾಲುತ್ತಿರಲಿಲ್ಲ, ನಿಜ. ಆದರೆ ಜನರ ಕುತೂಹಲಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ಆಕಾಶದಿಂದ ನೆಲಕ್ಕೆ

ಇತಿಹಾಸ ವಿಡಿಯೊ ಗೇಮ್‌ಗಳಿಗೆ ಹೊಸದೇನಲ್ಲ. 1991ರ ‘ಸಿವಿಲೈಸೇಶನ್’, 1997ರ ‘ಏಜ್ ಆಫ್ ಎಂಪೈರ್ಸ್’ ಆಡಿ ಬೆಳೆದ ಪೀಳಿಗೆ ನಮ್ಮ ಸೈಬರ್ ಕೆಫೆಗಳಲ್ಲೂ ಇತ್ತು. ಆದರೆ ಆ ಆಟಗಳಲ್ಲಿ ಆಟಗಾರ ಕುಳಿತಿರುವುದು ಆಕಾಶದಲ್ಲಿ. ಕೆಳಗೆ ಇರುವೆಗಳಂತೆ ಕಾಣುವ ರೈತರು ಮರ ಕಡಿಯುತ್ತಾರೆ, ಸೈನಿಕರು ಸಾಯುತ್ತಾರೆ. ಸತ್ತವರ ಜಾಗಕ್ಕೆ ಇನ್ನೊಂದಿಷ್ಟು ಮಂದಿಯನ್ನು ಹುಟ್ಟಿಸಿದರಾಯಿತು. ಶಾಲೆಯ ಚರಿತ್ರೆ ಪುಸ್ತಕದ ನೋಟವೂ ಬಹುಮಟ್ಟಿಗೆ ಇದೇ ಅಲ್ಲವೆ? ಯಾರು ಯಾರನ್ನು ಯಾವ ಇಸವಿಯಲ್ಲಿ ಸೋಲಿಸಿದರು, ಎಷ್ಟು ವರ್ಷ ಆಳಿದರು.

ವಾರ್‌ಹಾರ್ಸ್‌ನವರು ಆಟಗಾರನನ್ನು ಆಕಾಶದಿಂದ ಇಳಿಸಿ ಕೆಸರಿನಲ್ಲಿ ನಿಲ್ಲಿಸಿದರು. ಹೆನ್ರಿಗೆ ಮೊದಲು ಸಿಗುವ ಕೆಲಸ ರಾಜ್ಯ ಉಳಿಸುವುದಲ್ಲ. ಅಪ್ಪನ ಕುಲುಮೆಗೆ ಇದ್ದಿಲು ತರುವುದು, ಬಾಕಿ ಉಳಿಸಿಕೊಂಡ ಊರ ಕುಡುಕನಿಂದ ಹಣ ವಸೂಲು ಮಾಡುವುದು. ಕುಡುಕ ಕೊಡಲೊಲ್ಲ. ಕೈ ಮಿಲಾಯಿಸಿದರೆ ಬಹುತೇಕ ಆಟಗಾರರು ಆ ಕುಡುಕನ ಕೈಲೇ ಒದೆ ತಿಂದು ನೆಲಕ್ಕುರುಳುತ್ತಾರೆ. ಅಷ್ಟರಲ್ಲಿ ಶತ್ರು ಸೈನ್ಯ ಊರಿಗೆ ನುಗ್ಗುತ್ತದೆ. ಕಣ್ಣೆದುರೇ ತಂದೆ ತಾಯಿ ಹತರಾಗುತ್ತಾರೆ. ಹೆನ್ರಿ ಮಾಡಬಲ್ಲದ್ದು ಒಂದೇ, ಓಡುವುದು. ಆಮೇಲೆ ಹೆತ್ತವರನ್ನು ಮಣ್ಣು ಮಾಡಲು ಸುಟ್ಟ ಊರಿಗೆ ಕದ್ದು ಮರಳುತ್ತಾನೆ. ಅಲ್ಲಿ ದರೋಡೆಕೋರರ ಕೈಗೆ ಸಿಕ್ಕಿ, ಅಪ್ಪ ಮಾಡಿದ ಕೊನೆಯ ಕತ್ತಿಯನ್ನೂ ಕಳೆದುಕೊಳ್ಳುತ್ತಾನೆ. ಬೇರೆ ಆಟಗಳಲ್ಲಿ ಈ ಹೊತ್ತಿಗೆ ನಾಯಕ ಹತ್ತಾರು ಮಂದಿಯ ರುಂಡ ಚೆಂಡಾಡಿರುತ್ತಾನೆ.

ಇಲ್ಲಿಂದ ಮುಂದೆ ಆಟದ ತುಂಬ ಇಂಥ ಪರದಾಟವೇ. ಹೆನ್ರಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ. ಚೀಲದಲ್ಲಿಟ್ಟ ಮಾಂಸ ದಿನ ಕಳೆದಂತೆ ಹಳಸುತ್ತದೆ, ಹಳಸಿದ್ದನ್ನು ತಿಂದರೆ ಹೊಟ್ಟೆ ಕೆಡುತ್ತದೆ. ಹಾಗೆಂದು ಅತಿಯಾಗಿ ತಿಂದರೆ ಮೈಭಾರವಾಗಿ ಏದುಸಿರು. ಮೈಯೆಲ್ಲ ಕೊಳೆಯಾಗಿದ್ದರೆ ದೊಡ್ಡ ಮನುಷ್ಯರು ಮಾತಿಗೆ ಬೆಲೆ ಕೊಡರು. ಸ್ನಾನ ಮಾಡಿ ಒಳ್ಳೆಯ ಅಂಗಿ ತೊಟ್ಟರೆ ಅದೇ ಮಾತಿಗೆ ತೂಕ ಬರುತ್ತದೆ. ಬಟ್ಟೆಯ ಮೇಲೆ ರಕ್ತದ ಕಲೆಯಿದ್ದರೆ ಜನ ಅನುಮಾನದಿಂದ ನೋಡುತ್ತಾರೆ. ಕತ್ತಲಾದ ಮೇಲೆ ಪಟ್ಟಣದಲ್ಲಿ ಪಂಜು ಹಿಡಿಯದೆ ಅಡ್ಡಾಡಿದರೆ ಕಾವಲಿನವರು ತಡೆಯುತ್ತಾರೆ. ಬಿಲ್ಲು ಹಿಡಿದರೆ ಗುರಿ ತೋರಿಸುವ ಚುಕ್ಕೆ ಪರದೆಯ ಮೇಲೆ ಇರುವುದಿಲ್ಲ. ಬಾಣ ಎಲ್ಲಿಗೆ ಹೋಗಿ ಬೀಳುತ್ತದೆಂಬುದು ಅಭ್ಯಾಸದಿಂದಲೇ ತಿಳಿಯಬೇಕು.

ಕವಚದ ವಿವರವಂತೂ ಓದಿ ತಿಳಿಯುವುದಕ್ಕಿಂತ ತೊಟ್ಟು ತಿಳಿಯಬೇಕಾದದ್ದು. ಕೆಳಗೆ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ, ಅದರ ಮೇಲೆ ಕಬ್ಬಿಣದ ಬಳೆಗಳನ್ನು ಹೆಣೆದ ಜಾಲರಿ, ಅದರ ಮೇಲೆ ಲೋಹದ ತಗಡು. ಮೂರು ಪದರಕ್ಕೂ ಮೂರು ಕೆಲಸ. ಕತ್ತಿಯ ಅಲಗು ಜಾಲರಿಯನ್ನು ಸೀಳದು, ಆದರೆ ಗದೆಯ ಪೆಟ್ಟಿಗೆ ಒಳಗಿನ ಎಲುಬು ಮುರಿದೀತು. ಅದನ್ನು ತಡೆಯಲು ಹತ್ತಿಯ ಅಂಗಿಯೇ ಬೇಕು. ತಲೆಗೆ ಮುಖ ಮುಚ್ಚುವ ಶಿರಸ್ತ್ರಾಣ ಹಾಕಿದರೆ ಜೀವಕ್ಕೆ ಕ್ಷೇಮ. ಆದರೆ ಆ ಕ್ಷಣವೇ ಇಡೀ ಪರದೆ ಕಪ್ಪಾಗಿ, ಕಣ್ಣ ಮುಂದಿನ ಕಿರಿದಾದ ಸೀಳಿನಲ್ಲಿ ಕಂಡಷ್ಟೇ ಲೋಕ! ಕತ್ತಿವರಸೆಗೂ 15ನೇ ಶತಮಾನದ ಯೂರೋಪಿನ ವರಸೆ ಗ್ರಂಥಗಳೇ ಆಧಾರ. ಕಲಿಯದೆ ಕೈ ಬೀಸಿದವನಿಗೆ ಸೋಲು ಖಚಿತ. ರಟಾಯ್ ಪಟ್ಟಣದ ಅಖಾಡದಲ್ಲಿ ಬರ್ನಾರ್ಡ್ ಎಂಬ ದಳಪತಿಯ ಎದುರು ಗಂಟೆಗಟ್ಟಲೆ ಮರದ ಕತ್ತಿ ಬೀಸಿದ ಮೇಲೆಯೇ ಹೆನ್ರಿ ಒಬ್ಬ ದರೋಡೆಕೋರನ ಮುಂದೆ ನಿಲ್ಲಬಲ್ಲ. ಮೂವರು ಎದುರಾದರೆ ಆಗಲೂ ಓಟವೇ ಜಾಣತನ.

ಒಂದು ವಿಷಯದಲ್ಲಿ ಮಾತ್ರ ತಯಾರಕರು ಹಟ ಹಿಡಿದು ಬೈಸಿಕೊಂಡರು. ಬೇರೆ ಆಟಗಳಲ್ಲಿ ಯಾವಾಗ ಬೇಕಾದರೂ ಒಂದು ಗುಂಡಿ ಒತ್ತಿ ಅಲ್ಲಿಯತನಕದ ಸಾಧನೆಯನ್ನು ಉಳಿಸಿಕೊಳ್ಳಬಹುದು. ಸತ್ತರೆ ಅಲ್ಲಿಂದಲೇ ಮತ್ತೆ ಶುರು. ಇಲ್ಲಿ ಹಾಗೆ ಉಳಿಸಿಕೊಳ್ಳಬೇಕಾದರೆ ಹಾಸಿಗೆ ಹುಡುಕಿ ಮಲಗಬೇಕು, ಇಲ್ಲವೆ ‘ಸೇವಿಯರ್ ಷ್ನಾಪ್ಸ್’ ಎಂಬ ದುಬಾರಿ ಮದ್ಯ ಕುಡಿಯಬೇಕು. ಪದೇ ಪದೇ ಕುಡಿದರೆ ಹೆನ್ರಿಗೆ ಅಮಲೇರುತ್ತದೆ. ತಪ್ಪಿಗೆ ಬೆಲೆ ಇರಬೇಕೆಂಬುದು ಇದರ ಹಿಂದಿನ ತರ್ಕ. ಆದರೆ ಮಗು ಅತ್ತಿತೆಂದು, ಒಲೆಯ ಮೇಲೆ ಹಾಲಿದೆಯೆಂದು ಆಟದ ನಡುವೆ ಎದ್ದು ಹೋಗಬೇಕಾದ ಗೃಹಸ್ಥರೂ ಆಟಗಾರರಲ್ಲಿ ಇರುತ್ತಾರಲ್ಲ! ದೂರುಗಳ ಸುರಿಮಳೆಯಾಯಿತು. ಕೆಲವೇ ವಾರಗಳಲ್ಲಿ, ಆಟ ಬಿಟ್ಟು ಹೊರಡುವಾಗ ಉಳಿಸಿಕೊಳ್ಳುವ ಸೌಲಭ್ಯವನ್ನು ಸೇರಿಸಬೇಕಾಯಿತು. ಬಿಡುಗಡೆಯ ದಿನಗಳಲ್ಲಿ ಆಟದ ತುಂಬ ತಾಂತ್ರಿಕ ದೋಷಗಳೂ ಇದ್ದವೆಂಬುದನ್ನು ಮರೆಯುವಂತಿಲ್ಲ. ಅಷ್ಟಾದರೂ ಜನ ಕೈಬಿಡಲಿಲ್ಲ.

ಸಾಜಾವಾ ಮಠದ ಪ್ರಸಂಗ ಇನ್ನೂ ವಿಚಿತ್ರ. ಒಬ್ಬನನ್ನು ಪತ್ತೆ ಮಾಡಲು ಹೆನ್ರಿ ಸನ್ಯಾಸಿಯ ವೇಷ ತೊಟ್ಟು ಮಠ ಸೇರಬೇಕು. ಅಲ್ಲಿ ಕತ್ತಿಯಿಲ್ಲ, ಕುದುರೆಯಿಲ್ಲ. ಗಂಟೆ ಬಾರಿಸಿದಾಗ ಏಳಬೇಕು, ಪ್ರಾರ್ಥನೆಗೆ ನಿಲ್ಲಬೇಕು, ಊಟದ ಹೊತ್ತಿಗೆ ಪಂಕ್ತಿಯಲ್ಲಿರಬೇಕು, ಗ್ರಂಥಾಲಯದಲ್ಲೂ ಔಷಧ ತಯಾರಿಸುವ ಕೋಣೆಯಲ್ಲೂ ಕೆಲಸ ಮಾಡಬೇಕು. ತಪ್ಪಿದರೆ ಶಿಕ್ಷೆ. ಸಾಹಸದ ಆಟ ಕೊಂಡವನು ದಿನಗಟ್ಟಲೆ ಮಠದ ಕಂಬ ಸುತ್ತುವುದು! ಕೆಲವರಿಗೆ ಇದು ತಲೆನೋವು. ಹಲವರಿಗೆ ಇಡೀ ಆಟದಲ್ಲಿ ನೆನಪಿನಲ್ಲಿ ಉಳಿದ ಭಾಗವೇ ಇದು.

ಹಾಗಾದರೆ ಆಕರ್ಷಣೆಯ ಗುಟ್ಟು ಏನು? ಗ್ರಾಫಿಕ್ಸ್ ಚೆಂದವಿದೆ, ಕಾಡಿನ ಬಿಸಿಲು ನೆರಳು ಮೋಹಕವಾಗಿದೆ ಎಂಬ ಉತ್ತರ ಸಾಲದು. ಅದಕ್ಕಿಂತ ಚೆಂದದ ಆಟಗಳು ಬೇಕಾದಷ್ಟಿವೆ. ಇಲ್ಲಿ ಮಾರಾಟವಾಗಿರುವುದು ಅಶಕ್ತತೆ. ಮೊದಲ ಗಂಟೆಯಲ್ಲೇ ಎಲ್ಲ ಬಲ್ಲ ನಾಯಕನಿಗೆ ಕಲಿಯಲು ಉಳಿಯುವುದೇನು? ಏನೂ ಬಾರದ ಹೆನ್ರಿ ಒಂದು ಪದ ಓದಿದರೂ ಗೆಲುವು, ಬಿಟ್ಟ ಬಾಣ ಮೊಲಕ್ಕೆ ತಗುಲಿದರೂ ಹಬ್ಬ. ಮೂವತ್ತು ಗಂಟೆ ಆಡಿದ ಮೇಲೆ, ತನ್ನನ್ನು ಹಿಂದೆ ಉರುಳಿಸಿದಂಥ ಎದುರಾಳಿಯನ್ನು ಹೆನ್ರಿ ಎರಡೇ ಪೆಟ್ಟಿಗೆ ಕೆಡವಿದಾಗ ಆ ಕುಶಲತೆ ಪಾತ್ರದ್ದಷ್ಟೇ ಆಗಿರುವುದಿಲ್ಲ, ಆಟಗಾರನ ಬೆರಳಿನದೂ ಆಗಿರುತ್ತದೆ. ಯುದ್ಧದ ಅರ್ಥವೂ ಬದಲಾಗುತ್ತದೆ. ದಂಡು ಬಂತೆಂದರೆ ಊರಿನವರ ಎದೆ ಏಕೆ ನಡುಗುತ್ತಿತ್ತೆಂಬುದನ್ನು ಆಕಾಶದಲ್ಲಿ ಕುಳಿತು ಆಡುವ ಆಟ ಎಂದೂ ಹೇಳಿಕೊಡಲಾರದು.

ಇಬ್ಬರು ಅಣ್ಣತಮ್ಮಂದಿರ ಜಗಳ

ಕಥೆಯ ಹಿನ್ನೆಲೆ ಕಲ್ಪಿತವಲ್ಲ. ಪ್ರಾಗ್‌ನಲ್ಲಿ 1348ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ 1378ರಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ಮಗ ನಾಲ್ಕನೇ ವೆನ್ಸೆಸ್ಲಾಸ್ ತಂದೆಯಷ್ಟು ಸಮರ್ಥನಲ್ಲ. 1400ರಲ್ಲಿ ಜರ್ಮನ್ ಅರಸರು ಅವನನ್ನು ತಮ್ಮ ಸಿಂಹಾಸನದಿಂದ ಇಳಿಸಿದರು. 1402ರಲ್ಲಿ ಅವನ ಮಲತಮ್ಮ, ಹಂಗೇರಿಯ ದೊರೆ ಸಿಗಿಸ್ಮಂಡ್, ಅಣ್ಣನನ್ನೇ ಸೆರೆ ಹಿಡಿದ. ಅಣ್ಣನ ಪಕ್ಷ ಬಿಡದ ಪಾಳೆಯಗಾರರ ಊರುಗಳ ಮೇಲೆ ಸಿಗಿಸ್ಮಂಡನ ದಂಡು ಎರಗಿತು. ಹೆನ್ರಿಯ ಊರು ಸ್ಕಾಲಿಟ್ಜ್ ಅಂಥದ್ದೊಂದು. ಅದರ ಒಡೆಯ ರಾಡ್‌ಜಿಗ್ ಕೊಬೀಲಾ ಚರಿತ್ರೆಯಲ್ಲಿ ಇದ್ದ ವ್ಯಕ್ತಿ. ಇದೇ 1403ರಲ್ಲಿ ನಮ್ಮ ಹಂಪಿಯಲ್ಲಿ ಇಮ್ಮಡಿ ಹರಿಹರನ ಆಳ್ವಿಕೆಯ ಕೊನೆಯ ದಿನಗಳು, ಕಲಬುರಗಿಯಲ್ಲಿ ಫಿರೋಜ್ ಷಾ ಬಹಮನಿಯ ಕಾಲ ಎಂದು ಹೇಳಿದರೆ ಓದುಗರಿಗೆ ಕಾಲದ ಅಂದಾಜು ಸಿಕ್ಕೀತು.

ತಯಾರಕರು ಇತಿಹಾಸಕಾರರ ನೆರವು ಪಡೆದು ಆ ಸೀಮೆಯನ್ನು ಅಂದಿನಂತೆ ಮತ್ತೆ ಕಟ್ಟಿದರು. ಪ್ರಾಗ್‌ನಿಂದ ಆಗ್ನೇಯಕ್ಕೆ ಸಾಜಾವಾ ನದಿಯ ದಂಡೆಯ ನಿಜವಾದ ಊರುಗಳು, ಕೋಟೆಗಳು ಇಲ್ಲಿವೆ. ಸಾಜಾವಾ ಮಠದಲ್ಲಿ ಆಟಗಾರ ಕಾಣುವುದು ಸಾರವೆ ಕಟ್ಟಿ ಮೇಲೇಳುತ್ತಿರುವ ಭವ್ಯ ಇಗರ್ಜಿ. ನಿಜದಲ್ಲಿ ಅದು ಪೂರ್ಣಗೊಳ್ಳಲೇ ಇಲ್ಲ. ಪ್ರಾಗ್‌ನ ಧರ್ಮಸುಧಾರಕ ಯಾನ್ ಹುಸ್‌ನನ್ನು 1415ರಲ್ಲಿ ಸುಟ್ಟ ಮೇಲೆ ಭುಗಿಲೆದ್ದ ಹುಸೈಟ್ ಯುದ್ಧಗಳಲ್ಲಿ ಕೆಲಸ ನಿಂತುಹೋಯಿತು. ಇಂದು ಅಲ್ಲಿಗೆ ಹೋದವರಿಗೆ ಬಯಲಿನಲ್ಲಿ ನಿಂತ ಕಲ್ಲಿನ ಕಮಾನುಗಳಷ್ಟೇ ಕಾಣುತ್ತವೆ. ಎರಡನೇ ಭಾಗದ ಟ್ರೋಸ್ಕಿ ಕೋಟೆಯದೂ ಇದೇ ಬಗೆ. ಎರಡು ಕರಿಬಂಡೆಗಳ ನೆತ್ತಿಯಲ್ಲಿ ಒಂದೊಂದು ಗೋಪುರ. ಜೆಕ್ ಜನ ಅವಕ್ಕಿಟ್ಟಿರುವ ಹೆಸರು ‘ಕನ್ಯೆ’ ಮತ್ತು ‘ಅಜ್ಜಿ’. ಈಗ ಎರಡೂ ಪಾಳು, ಆಟದಲ್ಲಿ ಎರಡೂ ಇಡಿಯಾಗಿವೆ.

ಆದರೆ ಎರಡನೇ ಭಾಗದ ಜೀವ ಇರುವುದು ಕುಟ್ನಾ ಹೊರಾ ಎಂಬ ಬೆಳ್ಳಿಯ ಪಟ್ಟಣದಲ್ಲಿ. ಆಟದಲ್ಲಿ ಅದಕ್ಕೆ ಕುಟನ್‌ಬರ್ಗ್ ಎಂಬ ಜರ್ಮನ್ ಹೆಸರು. ಅಲ್ಲಿನ ಗಣಿಗಳ ಬೆಳ್ಳಿಯಿಂದ 1300ರಿಂದ ಟಂಕಿಸಿದ ‘ಪ್ರಾಗ್ ಗ್ರೋಷನ್’ ನಾಣ್ಯ ಮಧ್ಯ ಯೂರೋಪಿನಲ್ಲೆಲ್ಲ ಚಲಾವಣೆಯಲ್ಲಿತ್ತು. ಅಣ್ಣತಮ್ಮಂದಿರ ಜಗಳದ ಬೇರೂ ಬಹುಮಟ್ಟಿಗೆ ಈ ಬೆಳ್ಳಿಯಲ್ಲೇ ಇದೆ. ಆ ಊರಿನ ಸಂತ ಬಾರ್ಬರಾ ಇಗರ್ಜಿಯ ಕೆಲಸ 1388ರಲ್ಲಿ ಶುರುವಾಗಿ ಮುಗಿದದ್ದು 1905ರಲ್ಲಿ. ಹೆನ್ರಿ ಬರುವ ಹೊತ್ತಿಗೆ ಇನ್ನೂ ಗೋಡೆ ಏಳುತ್ತಿರುತ್ತದೆ. 1995ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿ ಸೇರಿದ ಈ ಪಟ್ಟಣದ ಬೀದಿಗಳನ್ನು ಆಟದಲ್ಲಿ ಮೊದಲು ಸುತ್ತಿ, ಆಮೇಲೆ ಗುರುತು ಹಿಡಿಯಲು ಬರುವ ಪ್ರವಾಸಿಗಳೂ ಈಗ ಇದ್ದಾರೆ.

ಯಾರ ಇತಿಹಾಸ, ಎಷ್ಟು ನಿಜ?

‘ವಾಸ್ತವ’ ಎಂಬ ಹಲಗೆ ತೂಗುಹಾಕಿ ಅಂಗಡಿ ತೆರೆದವರು ಪ್ರಶ್ನೆಗಳಿಗೂ ಸಿದ್ಧರಿರಬೇಕು. 2014ರಿಂದಲೇ ವಾದ ಶುರುವಾಗಿತ್ತು. ಆಟದಲ್ಲಿ ಬಿಳಿಯರಲ್ಲದವರು ಯಾಕಿಲ್ಲ ಎಂದು ಕೆಲವರು ಕೇಳಿದರು. 15ನೇ ಶತಮಾನದ ಬೊಹೀಮಿಯಾದ ಹಳ್ಳಿಗಾಡಿನಲ್ಲಿ ಅಂಥವರು ಇದ್ದುದಕ್ಕೆ ಆಧಾರವಿಲ್ಲ, ಇದು ನಮ್ಮ ನಾಡಿನ ಕಥೆ ಎಂಬುದು ತಯಾರಕರ ಉತ್ತರ. 2018ರಲ್ಲಿ ಆಟ ಬಂದಾಗ ಈ ಜಗಳ ಪತ್ರಿಕೆಗಳಲ್ಲಿ ಮತ್ತೆ ಕಾವೇರಿತು. ಎರಡನೇ ಭಾಗದಲ್ಲಿ ಮಾಲಿ ದೇಶದ ಮೂಸಾ ಎಂಬ ವಿದ್ವಾಂಸ ವೈದ್ಯನ ಪಾತ್ರ ಬಂತು. ಹೆನ್ರಿ ಬಯಸಿದರೆ ತನ್ನ ಒಡೆಯನೂ ಗೆಳೆಯನೂ ಆದ ಹ್ಯಾನ್ಸ್ ಕೇಪನ್ ಜತೆ ಪ್ರೇಮಕ್ಕೂ ಅವಕಾಶವಿತ್ತು. ಈ ಸಲ ಸಿಡಿದವರು ಬೇರೆಯೇ ಜನ. ಹಿಂದೆ ಆಟವನ್ನು ಹೊತ್ತು ಮೆರೆಸಿದ ಒಂದು ಬಣ, ಇತಿಹಾಸಕ್ಕೆ ದ್ರೋಹವಾಯಿತೆಂದು ಕೂಗಾಡಿತು. ಹೀಗೆ ಎರಡೂ ಕಡೆಯವರಿಂದ ಬೈಸಿಕೊಂಡ ಆಟಗಳು ಅಪರೂಪ.

ಈ ಗಲಾಟೆಯಲ್ಲಿ ಹೆಚ್ಚು ಮುಖ್ಯವಾದ ಕೆಲವು ಸಂಗತಿಗಳು ಹಿಂದೆ ಸರಿದವು. ಸ್ಕಾಲಿಟ್ಜ್ ಸುಡುವ ಕುಮನ್ ಸವಾರರನ್ನೇ ನೋಡಿ. ತುರ್ಕಿ ಮೂಲದ ಭಾಷೆಯಾಡುತ್ತಿದ್ದ ಈ ಜನ 13ನೇ ಶತಮಾನದಲ್ಲಿ ಮಂಗೋಲರ ದಾಳಿಗೆ ಹೆದರಿ ಹಂಗೇರಿಗೆ ಬಂದು ನೆಲೆಸಿದವರು. ಊರು ಕಳೆದುಕೊಂಡು ಓಡಿದ ಹೆನ್ರಿಯ ಕಥೆಗೂ ಅವರ ಹಿರಿಯರ ಕಥೆಗೂ ದೂರವೇನಿಲ್ಲ. ಮೊದಲ ಭಾಗ ಅವರನ್ನು ಬಹುಪಾಲು ಮುಖವಿಲ್ಲದ ರಾಕ್ಷಸರಂತೆ ತೋರಿಸಿತು. ಮಹಿಳೆಯರ ಪಾಲೂ ಅಷ್ಟಕ್ಕಷ್ಟೆ ಇತ್ತು. 2019ರಲ್ಲಿ ಸೇರಿಸಿದ ‘ಎ ವುಮನ್ಸ್ ಲಾಟ್’ ಎಂಬ ಉಪಕಥೆ ಆ ಕೊರತೆಯನ್ನು ಕೊಂಚ ತುಂಬಿತು. ಅದರಲ್ಲಿ ಆಟಗಾರ ಥೆರೇಸಾ ಎಂಬ ಹುಡುಗಿಯಾಗಿ ಅದೇ ದಾಳಿಯ ದಿನವನ್ನು ಮತ್ತೊಮ್ಮೆ ಬದುಕಬೇಕು. ಹೆನ್ರಿ ಕುದುರೆಯೇರಿ ಊರು ಬಿಟ್ಟಮೇಲೆ ಅಲ್ಲೇ ಉಳಿದವರಿಗೆ ಏನಾಯಿತೆಂಬುದು ಆಗ ತಿಳಿಯುತ್ತದೆ. ಮೂಲ ಆಟದ ಎಷ್ಟೋ ಕಾಳಗಗಳಿಗಿಂತ ಗಟ್ಟಿಯಾದ ಭಾಗ ಅದು.

ಇನ್ನೊಂದು ಮಾತು. ಇಷ್ಟೆಲ್ಲ ವಾಸ್ತವ ಕಾಯ್ದ ಕಥೆ, ಹೆನ್ರಿ ಸಾಮಾನ್ಯ ಕಮ್ಮಾರನ ಮಗನಲ್ಲ, ಒಡೆಯ ರಾಡ್‌ಜಿಗ್‌ಗೇ ಹುಟ್ಟಿದವನು ಎಂದು ಬಯಲು ಮಾಡುತ್ತದೆ. ಸೂತಪುತ್ರನೆನಿಸಿಕೊಂಡ ಕರ್ಣನ ಕಥೆ ಕೇಳಿ ಬೆಳೆದವರಿಗೆ ಈ ತಿರುವು ಹೊಸದಲ್ಲ. ಆದರೆ ಮಹಾಭಾರತದಲ್ಲಿ ಆ ಸತ್ಯ ಕರ್ಣನಿಗೆ ಉರುಳಾದರೆ, ಇಲ್ಲಿ ಹೆನ್ರಿಗೆ ಏಣಿಯಾಗುತ್ತದೆ. ಕುಲುಮೆಯ ಮಗನಾಗಿಯೇ ಅವನು ಉಳಿದಿದ್ದರೆ ಕಥೆಗೆ ಹೆಚ್ಚಿನ ಬೆಲೆ ಬರುತ್ತಿತ್ತು.

ವ್ಯಾಪಾರಕ್ಕೆ ಮಾತ್ರ ಇದರಿಂದ ಧಕ್ಕೆಯೇನೂ ಆಗಲಿಲ್ಲ. 2019ರಲ್ಲಿ ಟಿಎಚ್‌ಕ್ಯೂ ನಾರ್ಡಿಕ್ ಸಮೂಹ 3 ಕೋಟಿ ಯೂರೊಗೂ ಹೆಚ್ಚು ಬೆಲೆ ಕೊಟ್ಟು ವಾರ್‌ಹಾರ್ಸ್ ಅನ್ನು ಕೊಂಡಿತು. ಆ ಸಮೂಹಕ್ಕೆ ಅದೇ ವರ್ಷ ಎಂಬ್ರೇಸರ್ ಎಂಬ ಹೊಸ ಹೆಸರು ಬಂತು. ಎರಡನೇ ಭಾಗ ಬಂದ ವಾರದಲ್ಲಿ ಸ್ಟೀಮ್ ಎಂಬ ಒಂದೇ ಮಾರಾಟ ಜಾಲದಲ್ಲಿ ಏಕಕಾಲಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹೆನ್ರಿಯಾಗಿ ಓಡಾಡುತ್ತಿದ್ದರು. ಎರಡು ವಾರಗಳಲ್ಲಿ ಮಾರಾಟ 20 ಲಕ್ಷ ದಾಟಿತು. 2025ರ ‘ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಅತ್ಯುತ್ತಮ ಆಟದ ಅಂತಿಮ ಪಟ್ಟಿಗೆ ಬಂದ ಆರರಲ್ಲಿ ಇದೂ ಒಂದು. ಪ್ರಶಸ್ತಿ ಸಿಕ್ಕಿದ್ದು ಫ್ರಾನ್ಸಿನ ಒಂದು ಆಟಕ್ಕೆ, ಅದರಲ್ಲಿ ಮಾಯೆ ಮಂತ್ರಗಳು ಧಾರಾಳವಾಗಿವೆ. ಎರಡನೇ ಭಾಗಕ್ಕೆ ಜೆಕ್ ಭಾಷೆಯ ಧ್ವನಿಯೂ ಸಿದ್ಧವಾಯಿತು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಹೆನ್ರಿ ತನ್ನ ನಾಡಿನ ಜನರ ಮುಂದೆ ಯಿಂದ್ರಿಖ್ ಎಂಬ ಅಲ್ಲಿನ ಹೆಸರಿನಲ್ಲಿ, ಅವರದೇ ನುಡಿಯಲ್ಲಿ ಬಾಯಿ ಬಿಟ್ಟ. ಓದು ಬರಹದ ತೊಂದರೆ ಈಗ ಅವನಿಗಿಲ್ಲ. ಎರಡನೇ ಭಾಗ ಶುರುವಾಗುವ ಹೊತ್ತಿಗೆ ಅವನು ಅಕ್ಷರಸ್ಥನಾಗಿದ್ದಾನೆ.